ವಯಸ್ಸಿನ ಮೇಲೆ ಹೊರಿಸುವ ಮುನ್ನ ಇಲಿಯನ್ನು ಕೇಳಿ



‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಮೀರಾ ರೋಡಿನಲ್ಲೋ ಹುಟ್ಟಿ ಬೆಳೆದವರಾದರೂ ಅಜ್ಜ ಅಜ್ಜಿಯರ ದೆಸೆಯಿಂದ ಇಂಥ ಮಾತುಗಳು ಕಿವಿಗೆ ಬೀಳದೆ ಇರುವುದಿಲ್ಲ. ಈಗಂತೂ ಅರವತ್ತರ ತನಕ ಕಾಯುವವರೂ ಇಲ್ಲ. ಅಮ್ಮ ಗ್ಯಾಸಿನ ಮೇಲೆ ಹಾಲಿಟ್ಟು ಮರೆತರೆ ‘ವಯಸ್ಸಾಯಿತು’. ಅಪ್ಪ ಊಟವಾದೊಡನೆ ಟಿ.ವಿ. ಮುಂದೆ ತೂಕಡಿಸಿದರೆ ‘ವಯಸ್ಸಾಯಿತು’. ಮೊಣಕಾಲು ನೋವು, ಮೂಗಿನ ತುದಿಯ ಸಿಟ್ಟು, ನಿದ್ದೆಗೇಡು, ಸೊಂಟದ ಸುತ್ತ ಬೆಳೆದ ಕೊಬ್ಬು ಎಲ್ಲಕ್ಕೂ ಅದೊಂದೇ ಉತ್ತರ. ಈಚೆಗೆ ಕಲಿತ ಇನ್ನೊಂದು ಮಾತೂ ಇದೆ: ‘ಎಲ್ಲ ಹಾರ್ಮೋನಿನ ಆಟ!’

ಈ ಎರಡು ಮಾತುಗಳಲ್ಲಿ ನಿಜವೆಷ್ಟು? ಇದನ್ನು ವಿಜ್ಞಾನಿಗಳು ಹಲವು ದಶಕಗಳಿಂದ ಒಂದು ಪುಟ್ಟ ಪ್ರಾಣಿಯ ಹತ್ತಿರ ಕೇಳುತ್ತ ಬಂದಿದ್ದಾರೆ. ಗಣೇಶೋತ್ಸವದಲ್ಲಿ ಗಣಪತಿಯ ಪಾದದ ಬಳಿ ಲಾಡು ಹಿಡಿದು ಕುಳಿತಿರುತ್ತದಲ್ಲ, ಅದೇ ಇಲಿ. ಈ ತಿಂಗಳು ನಾವೂ ಅದನ್ನೇ ಕೇಳೋಣ. ನಾನು ವಿಜ್ಞಾನ ಓದಿದವಳಲ್ಲ, ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಮನೆ ನೋಡಿಕೊಂಡವಳು. ಆದರೆ ಮನೆ ನಡೆಸುವವರಿಗೆ ಯಾವ ಲೆಕ್ಕವನ್ನೂ ಎರಡು ಸಲ ಕೂಡಿ ನೋಡುವ ಅಭ್ಯಾಸವಿರುತ್ತದೆ. ಈ ವಿಷಯಕ್ಕೆ ಆ ಅಭ್ಯಾಸವೇ ಸಾಕು.

ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಮುಂಬಯಿಯ ಗಟಾರದಿಂದ ಬೆಕ್ಕಿನ ಗಾತ್ರದ ಪ್ರಾಣಿಯೊಂದು ಹೊರಬರುತ್ತದಲ್ಲ, ನಿಮ್ಮ ಮರಾಠಿ ಗೆಳೆಯರು ‘ಘೂಸ್’ ಅನ್ನುತ್ತಾರೆ. ಅದು ಕನ್ನಡದಲ್ಲಿ ಹೆಗ್ಗಣ. ಅಡುಗೆಮನೆಯ ಡಬ್ಬಿಗಳ ಹಿಂದೆ ಓಡುವುದು ಇಲಿ. ಅದರಲ್ಲೂ ಬೆರಳುದ್ದದ ಸಣ್ಣ ಜಾತಿಗೆ ಚಿಟ್ಟಿಲಿ ಅನ್ನುತ್ತೇವೆ. ಪ್ರಯೋಗಶಾಲೆಯಲ್ಲಿ ಸಾಕುವುದು ಈ ಚಿಟ್ಟಿಲಿಯ ವಂಶವನ್ನೇ. ಬಿಳಿಯದೂ ಇದೆ, ಕರಿಯದೂ ಇದೆ.

ನಮ್ಮ ಮುಂಬಯಿಗೂ ಇಲಿಗೂ ಹಳೆಯ ಲೆಕ್ಕವಿದೆ. 1896ರಲ್ಲಿ ಪ್ಲೇಗ್ ಬಂದಾಗ ಊರಿಗೆ ಊರೇ ಖಾಲಿಯಾಯಿತು. ವಾಲ್ಡಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಇಲ್ಲಿಗೆ ಬಂದು ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡರು. 1899ರಲ್ಲಿ ಅವರ ಪ್ರಯೋಗಶಾಲೆ ಪರೇಲಿನ ಹಳೆಯ ಸರಕಾರಿ ಬಂಗಲೆಗೆ ಬಂತು. ಅದೇ 1925ರಲ್ಲಿ ಹಾಫ್ಕಿನ್ ಸಂಸ್ಥೆ ಎಂಬ ಹೆಸರು ಪಡೆಯಿತು. ಅಂದು ಪರೇಲಿಗೆ ಇಲಿ ಎಂದರೆ ಶತ್ರು. ಅದೇ ಪರೇಲಿನಲ್ಲಿ, ಕೆ.ಇ.ಎಂ. ಆಸ್ಪತ್ರೆಯ ಹತ್ತಿರ, ಇನ್ನೊಂದು ಸಂಸ್ಥೆ ಇದೆ. 1970ರಲ್ಲಿ ‘ಇನ್‌ಸ್ಟಿಟ್ಯೂಟ್ ಫಾರ್ ರಿಸರ್ಚ್ ಇನ್ ರಿಪ್ರೊಡಕ್ಷನ್’ ಎಂದು ಹೆಸರಾದ ಇದು ಈಗ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯದ ರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಹಾರ್ಮೋನುಗಳ ಅಧ್ಯಯನಕ್ಕೆ ಹೆಸರಾದ ಇಂಥ ಕಡೆ ಇಲಿ ಶತ್ರುವಲ್ಲ, ಗುರು. ನಿಮ್ಮಲ್ಲಿ ಎಷ್ಟೋ ಮಂದಿ ದಿನಾ ಪರೇಲ್ ಸ್ಟೇಶನ್ನಿನಲ್ಲಿ ಇಳಿದು ಹತ್ತುತ್ತೀರಿ. ಇದು ನೆನಪಿರಲಿ.

ಇಲಿಯೇ ಏಕೆ? ಅದರ ಆಯುಸ್ಸು ಚಿಕ್ಕದು, ಅದಕ್ಕೆ. ಹುಟ್ಟಿದ ಐದಾರು ವಾರಕ್ಕೆ ಪ್ರಾಯಕ್ಕೆ ಬರುತ್ತದೆ. ಹತ್ತು ಹನ್ನೆರಡು ತಿಂಗಳಿಗೆ ನಡುವಯಸ್ಸು. ಎರಡು ವರ್ಷದ ಇಲಿ ನಮ್ಮ ಎಪ್ಪತ್ತರ ಅಜ್ಜಿಯ ಹಾಗೆ. ಮನುಷ್ಯರ ಮುಪ್ಪನ್ನು ಹುಟ್ಟಿನಿಂದ ಕೊನೆಯ ತನಕ ನೋಡಬೇಕಾದರೆ ವಿಜ್ಞಾನಿಗೇ ಮುಪ್ಪು ಬಂದೀತು. ಇಲಿಯದಾದರೆ ಮೂರು ವರ್ಷ ಸಾಕು. ಜೊತೆಗೆ ಒಂದೇ ವಂಶ, ಒಂದೇ ಆಹಾರ, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು ಎಂದು ಎಲ್ಲವನ್ನೂ ಸಮ ಮಾಡಿ ಇಡಬಹುದು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ‘ಬ್ಲ್ಯಾಕ್ ಸಿಕ್ಸ್’ ಎಂಬ ಕರಿಯ ಇಲಿಯ ವಂಶ ಶುರುವಾದದ್ದು 1921ರಲ್ಲಿ, ಅಮೆರಿಕದ ಕ್ಲಾರೆನ್ಸ್ ಕುಕ್ ಲಿಟಲ್ ಅವರಿಂದ. ಅವರು ತಂದ ಮೂಲ ಇಲಿಗಳು ಆಬಿ ಲ್ಯಾಥ್ರೋಪ್ ಎಂಬ ಮಹಿಳೆಯ ಸಾಕಣೆಯವು. ಆಕೆ ಶಾಲಾ ಶಿಕ್ಷಕಿಯಾಗಿದ್ದು ಆಮೇಲೆ ಇಲಿ ಸಾಕಿದವಳು. ವಿಜ್ಞಾನದ ದೊಡ್ಡ ಮನೆಗೆ ಹಿಂಬಾಗಿಲಿನಿಂದ ಎಷ್ಟು ಹೆಂಗಸರು ಬಂದಿದ್ದಾರೆ ನೋಡಿ!

ಇನ್ನು ಹಾರ್ಮೋನು. ಈ ಪದವನ್ನು 1905ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಎಬ್ಬಿಸು, ಹುರಿದುಂಬಿಸು’ ಎಂದು. ನಮ್ಮ ಕಾಲದ ಕನ್ನಡ ಪಠ್ಯಪುಸ್ತಕದಲ್ಲಿ ಇದಕ್ಕೆ ‘ಚೋದಕ’ ಎಂಬ ಒಳ್ಳೆಯ ಪದವಿತ್ತು. ಒಂದು ಗ್ರಂಥಿಯಿಂದ ಹೊರಟು, ರಕ್ತದಲ್ಲಿ ಪ್ರಯಾಣಿಸಿ, ಇನ್ನೆಲ್ಲೋ ಇರುವ ಅಂಗಕ್ಕೆ ‘ಏಳು, ಕೆಲಸ ಮಾಡು’ ಎಂದು ಹೇಳುವ ಚೀಟಿ ಅದು. ಡಬ್ಬಾವಾಲಾನ ಡಬ್ಬಿಯ ಮೇಲಿನ ಗುರುತಿನಂತೆ, ಯಾರಿಗೆ ತಲುಪಬೇಕೋ ಅವರೇ ಅದನ್ನು ತೆಗೆದುಕೊಳ್ಳುತ್ತಾರೆ.

ಇದನ್ನು ಅಳೆಯುವುದು ಹೇಗೆ? ಮೊದಮೊದಲು ಇಲಿಯೇ ತಕ್ಕಡಿಯಾಗಿತ್ತು. ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಂದು ಚಕ್ರ. ಯೋನಿಯಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಜೀವಕೋಶಗಳ ರೂಪದಿಂದಲೇ ಆ ದಿನ ಚಕ್ರದ ಯಾವ ಘಟ್ಟ ಎಂದು ತಿಳಿಯುತ್ತದೆ. ಇದನ್ನು 1922ರಲ್ಲಿ ಎಡ್ಗರ್ ಆಲೆನ್ ವಿವರಿಸಿದರು. ಮರುವರ್ಷ ಅವರೂ ಎಡ್ವರ್ಡ್ ಡಾಯ್ಸಿಯೂ ಸೇರಿ, ಅಂಡಾಶಯ ತೆಗೆದ ಇಲಿಗಳಿಗೆ ಅಂಡಾಶಯದ ರಸ ಚುಚ್ಚಿ, ಆ ಗುರುತುಗಳು ಮರಳಿ ಬರುವುದನ್ನು ತೋರಿಸಿದರು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಕತೆ ಹೀಗೆ ಇಲಿಯಿಂದ ಶುರುವಾಯಿತು. ರಕ್ತದ ಒಂದು ಹನಿಯಲ್ಲಿ ಅತಿ ಸೂಕ್ಷ್ಮ ಪ್ರಮಾಣದ ಹಾರ್ಮೋನನ್ನೂ ಅಳೆಯುವ ವಿಧಾನವನ್ನು 1950ರ ದಶಕದ ಕೊನೆಯಲ್ಲಿ ಸೊಲೊಮನ್ ಬರ್ಸನ್ ಜೊತೆ ಸೇರಿ ರೂಪಿಸಿದವರು ರೊಸಾಲಿನ್ ಯಾಲೊ. ಅದಕ್ಕಾಗಿ 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂತು. ನಿಮ್ಮ ಕಟ್ಟಡದ ಕೆಳಗಿನ ಪ್ಯಾಥಾಲಜಿ ಲ್ಯಾಬಿನಲ್ಲಿ ಇಂದು ಥೈರಾಯ್ಡ್ ಅಳೆಯುವ ವಿಧಾನಗಳು ಆ ಸಂಶೋಧನೆಯ ಮಕ್ಕಳು, ಮೊಮ್ಮಕ್ಕಳು.

ಈಗ ಮುಖ್ಯ ವಿಷಯ. ಹೆಣ್ಣಿಲಿಗೆ ವಯಸ್ಸಾದರೆ ಏನಾಗುತ್ತದೆ? ಹತ್ತು ತಿಂಗಳ ಸುಮಾರಿಗೆ ಚಕ್ರ ತಪ್ಪತೊಡಗುತ್ತದೆ. ನಾಲ್ಕೈದು ದಿನದ್ದು ಆರು, ಏಳು, ಎಂಟು ದಿನವಾಗುತ್ತದೆ. ಹದಿಮೂರು ಹದಿನಾಲ್ಕು ತಿಂಗಳ ಹೊತ್ತಿಗೆ ಬಹಳಷ್ಟು ಇಲಿಗಳಲ್ಲಿ ನಿಂತೇ ಹೋಗುತ್ತದೆ. ಆದರೆ ನಿಂತ ದಿನವೇ ಈಸ್ಟ್ರೋಜನ್ ಇಲ್ಲವಾಗುವುದಿಲ್ಲ. ಕೆಲವು ಇಲಿಗಳಲ್ಲಿ ವಾರಗಟ್ಟಲೆ ಅದು ಇದ್ದೇ ಇರುತ್ತದೆ. ಕೊನೆಗೆ ಇಳಿಯುತ್ತದೆ. ಎಂದರೆ ಇದು ಜಾರುಬಂಡೆಯ ಮೇಲೆ ಜಾರಿದ ಹಾಗಲ್ಲ, ಘಾಟಿಯ ರಸ್ತೆಯಲ್ಲಿ ಇಳಿದ ಹಾಗೆ. ನಡುನಡುವೆ ಏರೂ ಉಂಟು. ಹೆಂಗಸರಲ್ಲೂ ಮುಟ್ಟು ನಿಲ್ಲುವ ಮುಂಚಿನ ವರ್ಷಗಳು ಹೀಗೇ. ಇವತ್ತು ಅಳು, ನಾಳೆ ಉತ್ಸಾಹ, ನಡುರಾತ್ರಿ ಮೈಯೆಲ್ಲ ಬೆವರು.

ಇದರ ಒಳಗುಟ್ಟು ಏನು? ಅಂಡಾಶಯದಲ್ಲಿ ಅಂಡಾಣುಗಳ ದಾಸ್ತಾನು ಇಳಿದಂತೆ ಅಲ್ಲಿಂದ ಬರುವ ‘ಇನ್ಹಿಬಿನ್’ ಎಂಬ ಹಾರ್ಮೋನೂ ಇಳಿಯುತ್ತದೆ. ಇದು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ‘ಸಾಕು, ಕೂಗಬೇಡ’ ಎಂದು ಹೇಳುವ ಹಾರ್ಮೋನು. ಅದು ಕಡಿಮೆಯಾದಾಗ ಪಿಟ್ಯುಟರಿ ಇನ್ನೂ ಗಟ್ಟಿಯಾಗಿ ಕೂಗುತ್ತದೆ. ಆ ಕೂಗೇ ರಿಪೋರ್ಟಿನಲ್ಲಿ ಏರಿ ಕಾಣುವ ಎಫ್.ಎಸ್.ಎಚ್. ಪರೇಲಿನ ಸಂಸ್ಥೆಯಲ್ಲಿ ಡಾ. ಎ. ಆರ್. ಶೇಟ್ ಮತ್ತು ಅವರ ಸಂಗಡಿಗರು ಈ ಇನ್ಹಿಬಿನ್ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತಾನೋತ್ಪತ್ತಿಯ ಹಾರ್ಮೋನುಗಳ ಅಧ್ಯಯನವನ್ನು ಎತ್ತಿ ನಿಲ್ಲಿಸಿದವರು ಪ್ರೊ. ಎನ್. ಆರ್. ಮೌದ್ಗಲ್. ಆ ‘ಎನ್’ ಎಂದರೆ ನುಗ್ಗೇಹಳ್ಳಿ. ಅವರಿಗೆ 1976ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂದಿತ್ತು. ಹಾಸನ ಜಿಲ್ಲೆಯ ಊರಿನ ಹೆಸರೊಂದು ಹಾರ್ಮೋನು ವಿಜ್ಞಾನದಲ್ಲಿ ಹೀಗೆ ಸೇರಿಕೊಂಡಿದೆ.

ಹಾಗಾದರೆ ಎಲ್ಲ ಅಂಡಾಶಯದ ಮುಪ್ಪೇ? ಇದನ್ನೂ ಇಲಿಯಲ್ಲೇ ಪರೀಕ್ಷಿಸಿದರು. ಮುದಿ ಇಲಿಗೆ ಎಳೆಯ ಇಲಿಯ ಅಂಡಾಶಯ ಕಸಿ ಮಾಡಿದಾಗ ಚಕ್ರ ಮೊದಲಿನಂತೆ ಪೂರ್ತಿ ಸರಿಯಾಗಲಿಲ್ಲ. ಮಿದುಳೂ ಬದಲಾಗಿತ್ತು. ಆದರೆ ಚಿಕ್ಕಂದಿನಲ್ಲೇ ಅಂಡಾಶಯ ತೆಗೆದು ಬೆಳೆಸಿದ ಇಲಿಗೆ, ಅದು ಮುದಿಯಾದ ಮೇಲೆ ಎಳೆಯ ಅಂಡಾಶಯ ಕಸಿ ಮಾಡಿದಾಗ ಚಕ್ರ ಹೆಚ್ಚು ಚೆನ್ನಾಗಿ ನಡೆಯಿತು. ಎರಡೂ ಇಲಿಗಳ ವಯಸ್ಸು ಒಂದೇ, ಫಲ ಮಾತ್ರ ಬೇರೆ. ಲೆಕ್ಕಕ್ಕೆ ಬರುವುದು ಕಳೆದ ದಿನಗಳಷ್ಟೇ ಅಲ್ಲ, ಆ ದಿನಗಳಲ್ಲಿ ದೇಹ ಏನನ್ನು ಹೊತ್ತಿತು ಎನ್ನುವುದೂ ಸೇರಿ.

ಗಂಡಿಲಿಯ ಕತೆ ಇನ್ನೂ ಸ್ವಾರಸ್ಯದ್ದು. ಮುಪ್ಪು ಬಂದರೆ ಗಂಡು ಹಾರ್ಮೋನು ಟೆಸ್ಟೊಸ್ಟೆರೋನ್ ಇಳಿದೇ ಇಳಿಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. 1975ರಲ್ಲಿ ನೆಲ್ಸನ್, ಲೇಥಮ್, ಫಿಂಚ್ ಎಂಬ ಮೂವರು ಆ ಕರಿಯ ಇಲಿಗಳಲ್ಲಿ ಇದನ್ನು ಅಳೆದರು. ಅವರು ಎಲ್ಲ ಮುದಿ ಇಲಿಗಳನ್ನೂ ಒಂದೇ ಗುಂಪಿಗೆ ಹಾಕಲಿಲ್ಲ. ಕಾಯಿಲೆ ಇದ್ದವನ್ನು ಬೇರೆ, ಇಲ್ಲದವನ್ನು ಬೇರೆ ಮಾಡಿ ನೋಡಿದರು. ಆಗ ಕಂಡದ್ದು ಇದು: ಆರೋಗ್ಯವಾಗಿದ್ದ ಮುದಿ ಇಲಿಗಳಲ್ಲಿ ಹಾರ್ಮೋನು ಎಳೆಯ ಇಲಿಗಳ ಹಾಗೆಯೇ ಇತ್ತು. ಇಳಿದಿದ್ದು ಕಾಯಿಲೆ ಬಿದ್ದ ಇಲಿಗಳಲ್ಲಿ. ಎರಡನ್ನೂ ಕೂಡಿ ಸರಾಸರಿ ತೆಗೆದಿದ್ದರೆ ‘ವಯಸ್ಸಿನಿಂದ ಇಳಿಯುತ್ತದೆ’ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಕಾಯಿಲೆ ಮಾಡಿದ ಕೆಲಸದ ಅಪವಾದ ವಯಸ್ಸಿನ ತಲೆಗೆ ಬರುತ್ತಿತ್ತು.

ನಾನು ನಿಮಗೆ ಹೇಳಬೇಕೆಂದದ್ದು ಇದೇ, ಮಕ್ಕಳೇ. ಕೋಪ ಬಂದವರೂ ಸೋತವರೂ ಸುಸ್ತಾದವರೂ ಎಲ್ಲ ‘ವಯಸ್ಸಾದವರು’ ಎಂಬ ಒಂದೇ ಗೂಡಿಗೆ ಹೋಗಬಾರದು. ಅವರಲ್ಲಿ ಯಾರಿಗೆ ಕಾಯಿಲೆ ಇದೆ ಎಂದು ಮೊದಲು ನೋಡಬೇಕು.

ನನ್ನ ನಾದಿನಿಯ ವಿಷಯ ಹೇಳುತ್ತೇನೆ. ಆಗ ಅವಳಿಗೆ ನಲವತ್ತೇಳು. ಮೇ ತಿಂಗಳ ಸೆಕೆಯಲ್ಲಿ ಮನೆಯವರೆಲ್ಲ ಫ್ಯಾನಿನ ಕೆಳಗೆ ಬೆವರುತ್ತಿದ್ದರೆ ಇವಳು ಚಳಿ ಎಂದು ಹೊದ್ದುಕೊಳ್ಳುತ್ತಿದ್ದಳು. ಕೂದಲು ಉದುರಿತು, ದನಿ ಒರಟಾಯಿತು, ಊಟ ಕಡಿಮೆ ಮಾಡಿದರೂ ಮೈ ಭಾರವಾಯಿತು. ತೋರಿಸಿದ ಡಾಕ್ಟರು ‘ಮುಟ್ಟು ನಿಲ್ಲುವ ವಯಸ್ಸು, ಇದೆಲ್ಲ ಇದ್ದದ್ದೇ’ ಎಂದು ಟಾನಿಕ್ ಬರೆದರು. ಜೊತೆಗೆ ಹೋದವನು ಮಗ. ಅವಳು ಕನ್ನಡದಲ್ಲಿ ‘ಮೈಯೆಲ್ಲ ಜೋಮು ಹಿಡಿದ ಹಾಗೆ, ಚಳಿ, ಮನಸ್ಸಿಗೆ ಮಂಕು’ ಎಂದು ಇಷ್ಟುದ್ದ ಹೇಳಿದ್ದನ್ನು ಅವನು ಡಾಕ್ಟರಿಗೆ ಒಂದೇ ಪದದಲ್ಲಿ ಮುಗಿಸಿದ: ‘ವೀಕ್‌ನೆಸ್’. ಒಂದೂವರೆ ವರ್ಷ ಹೀಗೆ ಕಳೆಯಿತು. ಇನ್ನೊಬ್ಬ ಡಾಕ್ಟರು ಸಾವಧಾನವಾಗಿ ಕೂರಿಸಿ ಕೇಳಿದಾಗ, ‘ಚಳಿ’ ಎಂಬ ಒಂದು ಮಾತು ಹಿಡಿದು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಟಿ.ಎಸ್.ಎಚ್. ಬಹಳ ಏರಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ ಶುರುವಾಯಿತು. ಕೆಲವು ತಿಂಗಳಲ್ಲಿ ನಾದಿನಿ ನಾದಿನಿಯಾದಳು, ಸಂಘದ ನಾಟಕಕ್ಕೂ ಬಂದಳು. ಹುಡುಗನ ತಪ್ಪೆಂದು ನಾನು ಹೇಳುವುದಿಲ್ಲ. ಅವನಿಗೆ ‘ಜೋಮು’ ಎಂದರೇನು, ‘ಮಂಕು’ ಎಂದರೇನು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇಲಿ ಕಲಿಸುವ ಎರಡನೆಯ ಪಾಠ: ಒಂದು ಅಂಕಿಯನ್ನು ನಂಬಿ ಕೂರಬೇಡಿ. ಒಂದೇ ಗಂಡಿಲಿಯ ರಕ್ತದಲ್ಲಿ ಟೆಸ್ಟೊಸ್ಟೆರೋನ್ ಗಂಟೆ ಗಂಟೆಗೆ ಏರಿಳಿಯುತ್ತದೆ. ಹೆಣ್ಣಿಲಿಗಳನ್ನೇ ಒಂದು ಪಂಜರದಲ್ಲಿ ಗುಂಪಾಗಿ ಇಟ್ಟರೆ ಅವುಗಳ ಚಕ್ರ ಏರುಪೇರಾಗುವುದನ್ನು 1955ರಲ್ಲಿ ಇಬ್ಬರು ಡಚ್ ವಿಜ್ಞಾನಿಗಳು ಕಂಡರು. ದಿನಾ ಎರಡು ಹೊತ್ತು ಲೇಡೀಸ್ ಡಬ್ಬಿಯಲ್ಲಿ ನಿಂತು ಬರುವ ನಮಗೆ ಆ ಇಲಿಗಳ ಮೇಲೆ ಕನಿಕರ ಹುಟ್ಟಿದರೆ ಆಶ್ಚರ್ಯವಿಲ್ಲ! ಆದ್ದರಿಂದ ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ತೆಗೆದ ರಕ್ತ ಎನ್ನುವುದು ಮುಖ್ಯ. ಮನುಷ್ಯರಲ್ಲಿ ಟೆಸ್ಟೊಸ್ಟೆರೋನ್ ಪರೀಕ್ಷೆಗೆ ಬೆಳಿಗ್ಗೆಯೇ ಬನ್ನಿ ಎನ್ನುವುದೂ, ಕಡಿಮೆ ಬಂದರೆ ಮತ್ತೊಮ್ಮೆ ಪರೀಕ್ಷಿಸುವುದೂ ಇದಕ್ಕೇ. ಗಂಡಸರಲ್ಲಿ ವಯಸ್ಸಿನೊಂದಿಗೆ ಅದು ನಿಧಾನವಾಗಿ ಇಳಿಯುವುದು ನಿಜ. ಆದರೆ ಬೊಜ್ಜು, ಸಕ್ಕರೆ ಕಾಯಿಲೆ ಮತ್ತು ಇತರ ರೋಗಗಳು ಅದನ್ನು ಇನ್ನೂ ಇಳಿಸುತ್ತವೆ. ಅಪ್ಪನ ತೂಕಡಿಕೆಗೆ ವಯಸ್ಸನ್ನು ಬೈಯುವ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ.

ಜಿಮ್ಮಿಗೆ ಹೋಗುವ ಹುಡುಗರಿಗೆ ಒಂದು ಮಾತು. ಹಾರ್ಮೋನು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಯಾರೋ ಗ್ರೋತ್ ಹಾರ್ಮೋನಿನ ಸೂಜಿ ತೋರಿಸಿದರೆ ಕುಳ್ಳ ಇಲಿಯನ್ನು ನೆನೆಯಿರಿ. ಹುಟ್ಟಿನಿಂದಲೇ ಗ್ರೋತ್ ಹಾರ್ಮೋನು ಇಲ್ಲದ ಕುಳ್ಳ ಇಲಿಗಳು ಬೇರೆಯವಕ್ಕಿಂತ ಸುಮಾರು ಒಂದೂವರೆ ಪಟ್ಟು ಬದುಕಿದವು ಎಂದು 1996ರಲ್ಲಿ ಪ್ರಕಟವಾಯಿತು. ಆ ಹಾರ್ಮೋನಿನ ಚೀಟಿಯನ್ನು ಓದಲಾರದಂತೆ ಮಾಡಿದ್ದ ಇನ್ನೊಂದು ಜಾತಿಯ ಇಲಿ ಐದು ವರ್ಷ ತುಂಬಲು ಒಂದೇ ವಾರ ಇರುವಾಗ, 2003ರಲ್ಲಿ ಸತ್ತಿತು. ಕುಳ್ಳಾಗಿರಿ ಎಂದು ನಾನು ಹೇಳುತ್ತಿಲ್ಲ. ಆ ಕುಳ್ಳ ಇಲಿಗಳಿಗೆ ಬೇರೆ ಕೊರತೆಗಳೂ ಇದ್ದವು. ಹಾರ್ಮೋನು ಸಾಂಬಾರಿನ ಉಪ್ಪಿನಂತೆ, ಅಳತೆ ಮೀರಿದರೆ ರುಚಿ ಹೆಚ್ಚುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಹಾಗೆಂದು ಇಲಿಯ ಮಾತನ್ನೆಲ್ಲ ವೇದವಾಕ್ಯ ಎನ್ನುವಂತಿಲ್ಲ. ಈ ಇಲಿಗೆ ನಮ್ಮ ಹಾಗೆ ಮುಟ್ಟು ಆಗುವುದಿಲ್ಲ. ಅದು ರಾತ್ರಿ ಎದ್ದು ಹಗಲು ಮಲಗುವ ಪ್ರಾಣಿ. ಒತ್ತಡದ ಹಾರ್ಮೋನು ನಮ್ಮಲ್ಲಿ ಮುಖ್ಯವಾಗಿ ಕಾರ್ಟಿಸೋಲ್, ಅದರಲ್ಲಿ ಕಾರ್ಟಿಕೋಸ್ಟೆರೋನ್. ನಮ್ಮಲ್ಲಿ ವಯಸ್ಸಿನೊಂದಿಗೆ ಸ್ಪಷ್ಟವಾಗಿ ಇಳಿಯುವ ಡಿ.ಎಚ್.ಇ.ಎ. ಎಂಬ ಹಾರ್ಮೋನನ್ನು ಇಲಿಯ ಅಡ್ರಿನಲ್ ಗ್ರಂಥಿ ಹೆಚ್ಚುಕಡಿಮೆ ತಯಾರಿಸುವುದೇ ಇಲ್ಲ. ಆದ್ದರಿಂದ ‘ಇಲಿಯಲ್ಲಿ ಕಂಡುಬಂತು’ ಎಂಬ ಸುದ್ದಿ ಬಂದಾಗ ಯಾವ ಇಲಿ, ಎಷ್ಟು ತಿಂಗಳದ್ದು, ಆರೋಗ್ಯವಾಗಿತ್ತೇ ಎಂದು ಕೇಳಿ. ತರಕಾರಿ ಕೊಳ್ಳುವಾಗ ಕೇಳುವುದಿಲ್ಲವೇ, ಹಾಗೆ.

ಆ ಪುಟ್ಟ ಜೀವದ ಋಣವನ್ನೂ ಮರೆಯಬಾರದು. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಮತ್ತು 1998ರ ನಿಯಮಗಳ ಪ್ರಕಾರ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಬೇಕು. ಅದು ಸರಿಯೇ. ಅಷ್ಟು ಇಲಿಗಳು ಪ್ರಾಣ ಕೊಟ್ಟು ಕಲಿಸಿದ್ದನ್ನು ಮನೆಯಲ್ಲಿ ಬಳಸದೆ ಹೋದರೆ ಆ ಋಣ ತೀರುವುದಾದರೂ ಹೇಗೆ?

ಬಳಸುವುದು ಹೀಗೆ. ಭಾರತದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ನೆಯ ವಯಸ್ಸಿನಲ್ಲಿ, ಪಶ್ಚಿಮ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲು. ನಿಮ್ಮಲ್ಲಿ ಅನೇಕರ ಅಮ್ಮಂದಿರು ಈಗ ಅಲ್ಲೇ ಇದ್ದಾರೆ. ಬೆವರು, ನಿದ್ದೆಗೇಡು ಆ ಕಾಲದ್ದಿರಬಹುದು, ಅದಕ್ಕೂ ಚಿಕಿತ್ಸೆ ಉಂಟು. ಸುಸ್ತು ರಕ್ತಹೀನತೆಯದೂ ಇರಬಹುದು, ಥೈರಾಯ್ಡಿನದೂ ಇರಬಹುದು, ಸಕ್ಕರೆಯದೂ ಇರಬಹುದು. ಒಮ್ಮೆ ನಿಂತ ಮುಟ್ಟು ವರ್ಷದ ಮೇಲೆ ಮತ್ತೆ ಕಾಣಿಸಿಕೊಂಡರೆ ಅದನ್ನಂತೂ ವಯಸ್ಸಿನ ಲೆಕ್ಕಕ್ಕೆ ಬರೆಯದೆ ತಕ್ಷಣ ಡಾಕ್ಟರಿಗೆ ತೋರಿಸಬೇಕು.

ಅಮ್ಮ ತಾನಾಗಿ ಹೇಳುವುದಿಲ್ಲ. ಮಗಳೇ ಆಗಲಿ ಮಗನೇ ಆಗಲಿ, ನೀವೇ ಕೇಳಿ, ಅದೂ ಕನ್ನಡದಲ್ಲಿ. ‘ನಿದ್ದೆ ಬರುತ್ತದೆಯೇ ಅಮ್ಮ? ಚಳಿಯೋ, ಸೆಕೆಯೋ? ಎದೆ ಹೊಡೆದುಕೊಳ್ಳುತ್ತದೆಯೇ? ಮುಟ್ಟು ಹೇಗಿದೆ?’ ಮುಟ್ಟು ಎಂಬ ಪದಕ್ಕೆ ನಾಚಬೇಡಿ, ಅದು ಒಳ್ಳೆಯ ಕನ್ನಡ ಪದ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಒಂದು ಕಾಗದದಲ್ಲಿ ಬರೆದುಕೊಳ್ಳಿ, ಎಷ್ಟು ತಿಂಗಳಿಂದ ಎಂಬುದನ್ನೂ ಸೇರಿಸಿ. ಡಾಕ್ಟರ ಎದುರು ನೀವೇ ದುಭಾಷಿ. ಅವಳು ಹೇಳಿದ ಹತ್ತು ಮಾತಿಗೆ ಹತ್ತನ್ನೂ ತಲುಪಿಸಿ. ಮರಾಠಿಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಲು ಪದ ಸಿಗದಿದ್ದರೆ ಕೈಸನ್ನೆಯಲ್ಲಾದರೂ ತೋರಿಸಿ.

ಈ ಪುಟ ಓದುವಾಗ ಎಲ್ಲಾದರೂ ತಡವರಿಸಿದರೆ ಅಮ್ಮನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಇಬ್ಬರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ, ಕೇಳಬೇಕೆಂದಿದ್ದ ಮಾತಿಗೆ ದಾರಿಯೂ ಆಗುತ್ತದೆ.